ಜೈಲಿನಿಂದ ಹೊರಗೆ ಬಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಡನೋ ಮಗನೋ ಅಕ್ಕನೋ ಬಿಡುಗಡೆಯಾಗುವ ದಿನ ಹತ್ತಿರ ಬಂದಾಗ ಮನೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೊರಗೆ ಬಂದವರು ಕೇಳುವವೂ ಇವೆ. ಕೆಲಸ ಕೊಡೋಣ ಅಂತ ಮನಸ್ಸಿದ್ದರೂ ಒಳಗೊಳಗೇ ಅಳುಕುವ ಮಾಲೀಕರದ್ದು, ಪಕ್ಕದ ಮನೆಯವರದ್ದು ಕೂಡ ಸೇರಿವೆ. ಕರ್ನಾಟಕವನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಪ್ರತಿ ಕೇಸೂ ಬೇರೆ ಬೇರೆ. ನಿಮ್ಮ ಕೇಸಿನ ಬಗ್ಗೆ ಖಚಿತವಾಗಿ ತಿಳಿಯಬೇಕಿದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಜೈಲಿನಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, 1987ರ ಕಾನೂನಿನ ಪ್ರಕಾರ ಉಚಿತ ವಕೀಲರು ಸಿಗಬೇಕು.

ಜೈಲಿನಿಂದ ಹೊರಗೆ ಬರುವವರೆಲ್ಲ ಅಪರಾಧ ಮಾಡಿ ಶಿಕ್ಷೆ ಅನುಭವಿಸಿದವರೇ ಅಲ್ವಾ?

ಅಲ್ಲ. ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಕೇಸು ಇನ್ನೂ ತೀರ್ಮಾನವೇ ಆಗಿರಲಿಲ್ಲ. ಅವರಲ್ಲಿ ಎಷ್ಟೋ ಜನ ಮುಂದೆ ಖುಲಾಸೆ ಆಗುತ್ತಾರೆ. ಅಷ್ಟರಲ್ಲಿ ಕೆಲಸ ಹೋಗಿರುತ್ತದೆ, ಬಾಡಿಗೆ ಮನೆ ಹೋಗಿರುತ್ತದೆ, ಊರಿನಲ್ಲಿ ಹೆಸರೂ ಹೋಗಿರುತ್ತದೆ.

ಸನ್ನಡತೆ ಮೇಲೆ ಬಿಡುಗಡೆಯಾಗುವ ಸಜಾ ಬಂಧಿಗಳಿಗೆ, ಅಂದರೆ ಶಿಕ್ಷೆಯಾದ ಕೈದಿಗಳಿಗೆ, ಒಂದಿಷ್ಟು ಸಿದ್ಧತೆಯಾದರೂ ಇರುತ್ತದೆ. ತಿಂಗಳುಗಟ್ಟಲೆ ಮೊದಲೇ ಪಟ್ಟಿ ತಯಾರಾಗುತ್ತದೆ. ಬಿಡುಗಡೆ ದಿನ ಅಧಿಕಾರಿಗಳು ನಾಲ್ಕು ಒಳ್ಳೆಯ ಮಾತು ಹೇಳಿ ಕಳಿಸುತ್ತಾರೆ. ಜಾಮೀನಿನ ಮೇಲೆ ಬರುವವರಿಗೆ ಇದು ಯಾವುದೂ ಇಲ್ಲ. ಒಂದು ಸಂಜೆ ಆದೇಶ ಜೈಲಿಗೆ ತಲುಪುತ್ತದೆ, ಹೆಸರು ಕೂಗುತ್ತಾರೆ, ಗೇಟಿನ ಹೊರಗೆ ನಿಂತಿರುತ್ತಾರೆ. ಪುನರ್ವಸತಿ ಬಗ್ಗೆ ಮಾತಾಡುವಾಗ ನಾವು ಜೀವಾವಧಿ ಕೈದಿಗಳನ್ನೇ ನೆನೆಯುತ್ತೇವೆ. ಈ ದೊಡ್ಡ ಗುಂಪಿಗೆ ಯಾರೂ ಇಲ್ಲ. ನನಗೆ ಜಾಸ್ತಿ ಬೇಸರವಾಗುವುದು ಇದಕ್ಕೇ.

ಬಿಡುಗಡೆ ದಿನ ಏನೇನು ಕೇಳಿ ಪಡೆಯಬೇಕು?

ಒಳಗೆ ಹೋಗುವಾಗ ಒಪ್ಪಿಸಿದ್ದ ವಸ್ತುಗಳು, ಜೈಲಿನ ಲೆಕ್ಕದಲ್ಲಿ ಉಳಿದ ದುಡ್ಡು, ದುಡಿದ ಕೂಲಿ, ಬಿಡುಗಡೆ ಪತ್ರ. ಇಷ್ಟನ್ನು ಎಲ್ಲರೂ ಕೇಳುತ್ತಾರೆ. ಮರೆಯುವುದು ಇನ್ನೆರಡು. ಮೊದಲನೆಯದು ಔಷಧಿ ಚೀಟಿ ಮತ್ತು ಚಿಕಿತ್ಸೆಯ ದಾಖಲೆ. ಟಿಬಿ, ಎಚ್‌ಐವಿ, ಫಿಟ್ಸ್, ಶುಗರ್, ಮಾನಸಿಕ ಕಾಯಿಲೆ ಯಾವುದಕ್ಕೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಕೆಲವು ದಿನಕ್ಕಾಗುವಷ್ಟು ಮಾತ್ರೆ ಕೈಯಲ್ಲೇ ಕೇಳಿ. ಟಿಬಿ ಮಾತ್ರೆ ಮಧ್ಯೆ ಬಿಟ್ಟರೆ ಕಾಯಿಲೆ ಇನ್ನೂ ಗಟ್ಟಿಯಾಗಿ ವಾಪಸ್ ಬರುತ್ತದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದೇ ಚಿಕಿತ್ಸೆ ಉಚಿತವಾಗಿ ಮುಂದುವರಿಯುತ್ತದೆ. ಟಿಬಿ ರೋಗಿಗೆ ಊಟದ ಖರ್ಚಿಗೆ ಸರ್ಕಾರ ತಿಂಗಳಿಗೆ 1,000 ರೂಪಾಯಿ ಕೊಡುತ್ತದೆ.

ಎರಡನೆಯದು ಒಳಗೆ ಕಲಿತ ವಿದ್ಯೆಯ ಸರ್ಟಿಫಿಕೇಟ್. ಟೈಲರಿಂಗ್, ಮರಗೆಲಸ, ಬೇಕರಿ, ಕಂಪ್ಯೂಟರ್ ಏನೇ ಇರಲಿ. ಇಗ್ನೊ ವಿಶ್ವವಿದ್ಯಾಲಯ ಕೈದಿಗಳಿಂದ ಶುಲ್ಕ ತೆಗೆದುಕೊಳ್ಳದೆ ಓದಿಸುತ್ತದೆ. ಪದವಿ ಅರ್ಧಕ್ಕೆ ನಿಂತಿದ್ದರೆ ನೋಂದಣಿ ಸಂಖ್ಯೆ ಬರೆದುಕೊಂಡು ಬನ್ನಿ. ಹೊರಗೆ ಬಂದ ಮೇಲೆ ಮುಂದುವರಿಸಬಹುದು.

ಇನ್ನೊಂದು ಮಾತು. ಬಿಡುಗಡೆ ಸಾಮಾನ್ಯವಾಗಿ ಸಂಜೆ ಆಗುತ್ತದೆ. ಪರಪ್ಪನ ಅಗ್ರಹಾರದ ಗೇಟಿನ ಹೊರಗೆ ರಾತ್ರಿ ನಿಂತ ರಾಯಚೂರಿನ ಮನುಷ್ಯನಿಗೆ ಮೆಜೆಸ್ಟಿಕ್‌ಗೆ ಹೋಗುವ ದಾರಿಯೂ ಗೊತ್ತಿರುವುದಿಲ್ಲ. ಆ ಹೊತ್ತಿನಲ್ಲಿ ಗೇಟಿನ ಹತ್ತಿರ ಕಾಯುವವರು ಎರಡು ತರಹ. ಒಬ್ಬರು ಮನೆಯವರು. ಇನ್ನೊಬ್ಬರು ಹಳೆಯ ಗ್ಯಾಂಗಿನವರು. ಮನೆಯವರು ಹೋಗದಿದ್ದರೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಬೇರೆ ಹೇಳಬೇಕಿಲ್ಲ. ಎಷ್ಟೇ ಸಿಟ್ಟಿರಲಿ, ಆ ದಿನ ಯಾರಾದರೂ ಒಬ್ಬರು ಹೋಗಿ. ಜಗಳ ಆಮೇಲೆ ಆಡಬಹುದು.

ಹೋಗುವ ಮೊದಲು ವಕೀಲರ ಹತ್ತಿರ, ಇಲ್ಲವೇ ಇ-ಕೋರ್ಟ್ಸ್ ಆ್ಯಪಿನಲ್ಲಿ, ಬೇರೆ ಕೇಸು ಬಾಕಿ ಇದೆಯಾ ನೋಡಿಸಿ. ಒಂದು ಕೇಸಿನಲ್ಲಿ ಜಾಮೀನು ಸಿಕ್ಕಿ, ಇನ್ನೊಂದು ಊರಿನ ಬಾಡಿ ವಾರಂಟ್‌ನಿಂದ (ಒಳಗಿರುವವರನ್ನು ಬೇರೆ ಕೇಸಿಗೆ ಹಾಜರು ಮಾಡಿ ಅನ್ನುವ ಕೋರ್ಟ್ ಆದೇಶ) ಗೇಟಿನಲ್ಲೇ ಮತ್ತೆ ಹಿಡಿದುಕೊಂಡು ಹೋಗುವುದುಂಟು. ಮನೆಯಲ್ಲಿ ಪಾಯಸ ಮಾಡಿಟ್ಟು ಕಾದವರಿಗೆ ಅದು ಭರಿಸಲಾಗದ ಪೆಟ್ಟು.

ಜಾಮೀನು ಸಿಕ್ಕಿ ತಿಂಗಳಾಯಿತು, ಶ್ಯೂರಿಟಿ ಕೊಡಲು ಪಹಣಿ ಇರುವವರು ಯಾರೂ ಬರುತ್ತಿಲ್ಲ. ಏನು ಮಾಡುವುದು?

ಸುಮ್ನೆ ಕೂರಬೇಡಿ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆಂದೇ ನಿರ್ದೇಶನ ಕೊಟ್ಟಿದೆ. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶ್ಯೂರಿಟಿ ಕೊಡಲಾಗದಿದ್ದರೆ ಷರತ್ತು ಸಡಿಲ ಮಾಡಬಹುದಾ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಜಾಮೀನಿನ ಹಣಕ್ಕೂ, ದಂಡ ಕಟ್ಟಲಾಗದೆ ಒಳಗೇ ಉಳಿದ ಸಜಾ ಬಂಧಿಗೂ ಅದರಿಂದ ನೆರವು ಸಿಗುತ್ತದೆ; ಶುರುವಿನಲ್ಲಿ ಮಿತಿ 40,000 ಮತ್ತು 25,000 ರೂಪಾಯಿ ಇತ್ತು. ಎಲ್ಲ ಅಪರಾಧಗಳಿಗೂ ಅಲ್ಲ, ಜಿಲ್ಲಾ ಸಮಿತಿ ಒಪ್ಪಬೇಕು.

ಮೊದಲ ಸಲ ಕೇಸಿನಲ್ಲಿ ಸಿಕ್ಕವರಿಗೆ ಇನ್ನೊಂದು ದಾರಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಈಗಾಗಲೇ ಒಳಗೆ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಸಲ್ಲುವುದಿಲ್ಲ. ಒಬ್ಬರ ಮೇಲೆ ಹಲವು ಕೇಸು ಬಾಕಿ ಇದ್ದರೂ ಕಷ್ಟ.

ಮೊದಲ ತಿಂಗಳು ಯಾವ ಕಾಗದಪತ್ರ ಸರಿಮಾಡಿಕೊಳ್ಳಬೇಕು?

ಮೊದಲು ಫೋನ್ ನಂಬರ್. ಹಳೆಯ ಸಿಮ್ ಬಂದ್ ಆಗಿ, ಆ ನಂಬರ್ ಬೇರೆ ಯಾರಿಗೋ ಹೋಗಿರುತ್ತದೆ. ಆಧಾರಿಗೆ ಹೊಸ ನಂಬರ್ ಜೋಡಿಸದೆ ಒಟಿಪಿ ಬರುವುದಿಲ್ಲ. ಒಟಿಪಿ ಇಲ್ಲದೆ ಬೇರೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಆದ್ದರಿಂದ ಆಧಾರ್ ಕೇಂದ್ರಕ್ಕೆ ಮೊದಲು ಹೋಗಿ.

ಎರಡು ವರ್ಷ ವ್ಯವಹಾರ ನಡೆಯದ ಬ್ಯಾಂಕ್ ಖಾತೆ ನಿಷ್ಕ್ರಿಯ ಆಗಿರುತ್ತದೆ. ದುಡ್ಡು ಎಲ್ಲೂ ಹೋಗಿರುವುದಿಲ್ಲ, ಕೆವೈಸಿ ಕೊಟ್ಟರೆ ಖಾತೆ ಮತ್ತೆ ಚಾಲೂ ಆಗುತ್ತದೆ. ರೇಷನ್ ಕಾರ್ಡಿನಿಂದ ಹೆಸರು ತೆಗೆದಿದ್ದರೆ ಸೇರಿಸಲು ಅರ್ಜಿ ಕೊಡಿ. ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕು. ಇದು ಗೊತ್ತಿಲ್ಲದೆ ಹಳೆಯ ಲೈಸೆನ್ಸ್ ಇಟ್ಟುಕೊಂಡು ಗಾಡಿ ಓಡಿಸಿ, ಹೊಸ ಕೇಸು ಹಾಕಿಸಿಕೊಳ್ಳಬೇಡಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿಗೆ ಹೋಗಿ ಉದ್ಯೋಗ ಖಾತ್ರಿ ಕಾರ್ಡಿನಲ್ಲಿ ಹೆಸರು ಇದೆಯಾ ನೋಡಿ.

ಜಮೀನಿನ ವಿಷಯ ಬಹಳ ಮುಖ್ಯ. ಒಳಗಿದ್ದಾಗ ಅಪ್ಪ ತೀರಿಕೊಂಡಿರುತ್ತಾರೆ. ಅಣ್ಣತಮ್ಮಂದಿರು ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮಾಡಿಸುವಾಗ ಜೈಲಿನಲ್ಲಿರುವವನ ಹೆಸರು ಬಿಟ್ಟಿರುತ್ತಾರೆ. ಜೈಲಿಗೆ ಹೋದವನಿಗೆ ಪಾಲಿಲ್ಲ ಅಂತ ಊರಿನ ಹಿರಿಯರೂ ಹೇಳಿಬಿಡುತ್ತಾರೆ. ಅದು ಸುಳ್ಳು. ಶಿಕ್ಷೆ ಆದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನ 25ನೇ ಸೆಕ್ಷನ್ ತಡೆಯುವುದು ಕೊಲೆಯ ಸಂದರ್ಭದಲ್ಲಿ: ಕೊಲೆಯಾದವರ ಆಸ್ತಿ, ಕೊಂದವರಿಗೂ ಅದಕ್ಕೆ ನೆರವಾದವರಿಗೂ ಬರುವುದಿಲ್ಲ; ಯಾವ ಆಸ್ತಿ ತಮಗೆ ಬರಲಿ ಅಂತ ಕೊಂದರೋ ಅದೂ ಬರುವುದಿಲ್ಲ. ಆದರೂ ಬಂದ ದಿನವೇ ಪಹಣಿ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಕಾಗದ ನೋಡಿ, ವಕೀಲರ ಹತ್ತಿರ ಮಾತಾಡಿ, ಆಮೇಲೆ ಕೇಳಿ. ಹೊಲದ ಬದುವಿನ ಮೇಲೆ ಶುರುವಾದ ಮಾತು ಎಷ್ಟು ಮನೆಗಳನ್ನು ಜೈಲಿನವರೆಗೆ ಎಳೆದಿದೆ ಅಂತ ಒಳಗಿದ್ದು ಬಂದವರಿಗೇ ಚೆನ್ನಾಗಿ ಗೊತ್ತು.

ಕೆಲಸ ಕೇಳಲು ಹೋದಾಗ ಜೈಲಿನ ವಿಷಯ ಹೇಳಬೇಕಾ, ಮುಚ್ಚಿಡಬೇಕಾ?

ಕೇಳಿದರೆ ಸುಳ್ಳು ಹೇಳಬೇಡಿ. ಕೇಳದಿದ್ದರೆ ಮೊದಲ ಮಾತಿನಲ್ಲೇ ಹೇಳಲೇಬೇಕು ಅಂತೇನೂ ಇಲ್ಲ.

ಅರ್ಜಿ ನಮೂನೆಯಲ್ಲಿ 'ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯೇ, ಶಿಕ್ಷೆ ಆಗಿದೆಯೇ' ಅಂತ ಕೇಳಿದ್ದರೆ ಇದ್ದದ್ದನ್ನು ಬರೆಯಿರಿ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಮುಚ್ಚಿಟ್ಟದ್ದು ಗೊತ್ತಾದರೆ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯಬಹುದು. ಕೇಸು ಚಿಕ್ಕದಾಗಿದ್ದರೆ, ವಯಸ್ಸು ಚಿಕ್ಕದಿದ್ದಾಗ ನಡೆದದ್ದಾಗಿದ್ದರೆ, ಅದನ್ನು ಕಡೆಗಣಿಸುವ ಅವಕಾಶವೂ ಕೆಲಸ ಕೊಡುವವರಿಗೆ ಇದೆ. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಇದು ಕಹಿ. ಜೈಲಿಗೆ ಹೋಗಿ ಬಂದವರಿಗೆ ಖಾಸಗಿ ಮಾಲೀಕರು ತಾರತಮ್ಯ ಮಾಡಬಾರದು ಅನ್ನುವ ಕಾನೂನು ನಮ್ಮಲ್ಲಿ ಇಲ್ಲ. ಇರಬೇಕಿತ್ತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಯಾವ ಬಾಗಿಲು ತಟ್ಟಬೇಕು ಅನ್ನುವುದೂ ಮುಖ್ಯ. ಎಲ್ಲರಿಗೂ ಮೊದಲು ಹೊಳೆಯುವುದು ಸೆಕ್ಯುರಿಟಿ ಗಾರ್ಡ್ ಕೆಲಸ. ಆದರೆ 2005ರ ಕಾನೂನಿನಂತೆ ಗಾರ್ಡ್‌ಗಳ ನಡತೆ, ಹಿನ್ನೆಲೆ ಪರಿಶೀಲನೆ ಕಡ್ಡಾಯ. ಬ್ಯಾಂಕಿನ ಕೆಲಸ, ನೈತಿಕ ಅಧಃಪತನದ (ಮೋಸ, ಕಳ್ಳತನದಂಥ) ಅಪರಾಧದಲ್ಲಿ ಶಿಕ್ಷೆ ಆದವರಿಗೆ ಕಾನೂನಿನಲ್ಲೇ ಇಲ್ಲ. ಕ್ಯಾಬ್, ಡೆಲಿವರಿ ಕಂಪನಿಗಳೂ ಪೊಲೀಸ್ ವೆರಿಫಿಕೇಶನ್ ಕೇಳುತ್ತವೆ. ಅಲ್ಲಿ ನಾಲ್ಕು ಸಲ ತಿರಸ್ಕಾರ ಆದರೆ ಮನಸ್ಸು ಮುರಿದು ಹೋಗುತ್ತದೆ. ಅದರ ಬದಲು ಕೈಕೆಲಸ ನೋಡಿ ಕೂಲಿ ಕೊಡುವ ಕಡೆ ಹೋಗಿ. ವೆಲ್ಡಿಂಗ್, ಪ್ಲಂಬಿಂಗ್, ಪೇಂಟಿಂಗ್, ಗ್ಯಾರೇಜ್, ಗಾರ್ಮೆಂಟ್ಸ್, ಹೋಟೆಲ್ ಅಡುಗೆಮನೆ, ಟೈಲ್ಸ್ ಹಾಕುವುದು. ಇಂಥ ಕಡೆ ಕೇಳುವುದು 'ಕೆಲಸ ಬರುತ್ತಾ' ಅಂತ ಅಷ್ಟೇ.

ಹೇಳುವ ರೀತಿಯನ್ನು ಮೊದಲೇ ಮನೆಯಲ್ಲಿ ಮಾತಾಡಿ ನೋಡಿಕೊಳ್ಳಿ. ಕೇಸಿನ ಕಥೆ ಪೂರ್ತಿ ಬೇಡ. ಯಾರು ಮೋಸ ಮಾಡಿದರು, ಪೊಲೀಸರು ಏನು ಬರೆದರು ಅನ್ನುವುದೂ ಬೇಡ. 'ಇಷ್ಟು ವರ್ಷ ಒಳಗಿದ್ದೆ. ಅಲ್ಲಿ ಮರಗೆಲಸ ಮಾಡಿದ್ದೇನೆ. ಈಗ ಹೊರಗೆ ಬಂದಿದ್ದೇನೆ. ಒಂದು ತಿಂಗಳು ನೋಡಿ, ಬೇಡ ಅನ್ನಿಸಿದರೆ ಬಿಡಿ.' ಇಷ್ಟು ಸಾಕು. ಜೊತೆಗೆ ಪರಿಚಯದ ಒಬ್ಬರು ಬಂದು ನಿಂತರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಕೆಲಸ ಸಿಗುವುದು ಅರ್ಜಿಯಿಂದಲ್ಲ, 'ನಮ್ಮ ಹುಡುಗ, ನಾನು ಹೇಳುತ್ತೇನೆ' ಅನ್ನುವ ಒಬ್ಬರ ಮಾತಿನಿಂದ. ಜೈಲಿಗೆ ಹೋದವನು ಕಳೆದುಕೊಳ್ಳುವುದು ಮುಖ್ಯವಾಗಿ ಆ ಒಬ್ಬರನ್ನೇ.

ನಾನೊಂದು ಚಿಕ್ಕ ವರ್ಕ್‌ಶಾಪ್ ನಡೆಸುತ್ತೇನೆ. ಇಂಥವರಿಗೆ ಕೆಲಸ ಕೊಟ್ಟರೆ ನನಗೇನಾದರೂ ಕಾನೂನಿನ ತೊಂದರೆ ಇದೆಯಾ?

ಸಾಮಾನ್ಯ ವ್ಯಾಪಾರ, ಕಾರ್ಖಾನೆಗಳಲ್ಲಿ ಇಲ್ಲ. ಜಾಮೀನಿನ ಮೇಲಿರುವವರಾದರೆ ಕೋರ್ಟ್ ತಾರೀಖಿನ ದಿನ, ಠಾಣೆಗೆ ಸಹಿ ಹಾಕಲು ಹೋಗುವ ದಿನ ರಜೆ ಕೊಡಬೇಕಾಗುತ್ತದೆ. ಅದನ್ನು ಮೊದಲೇ ಮಾತಾಡಿಕೊಳ್ಳಿ. ತಾರೀಖು ತಪ್ಪಿದರೆ ವಾರಂಟ್ ಬರುತ್ತದೆ, ನಿಮ್ಮ ಕೆಲಸಗಾರ ಮತ್ತೆ ಒಳಗೆ ಹೋಗುತ್ತಾನೆ.

ಅಳುಕು ಸಹಜ. ಮೊದಲ ದಿನವೇ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಡಿ ಅಂತ ಯಾರೂ ಹೇಳುತ್ತಿಲ್ಲ. ಹೊಸಬರಿಗೆ ಎಷ್ಟು ನಂಬಿಕೆ ಕೊಡುತ್ತೀರೋ ಅಷ್ಟೇ ಕೊಡಿ, ಕಡಿಮೆಯೂ ಬೇಡ. ಸಂಬಳ ಉಳಿದವರಷ್ಟೇ ಕೊಡಿ. 'ಇವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ' ಅಂತ ಅರ್ಧ ಕೂಲಿಗೆ ದುಡಿಸಿಕೊಳ್ಳುವವರಿದ್ದಾರೆ. ಅದು ಶೋಷಣೆ. ಜೈಲಿನ ಒಳಗೇ ಕರ್ನಾಟಕದಲ್ಲಿ ಈಗ ದಿನಕ್ಕೆ 500 ರೂಪಾಯಿಗಿಂತ ಜಾಸ್ತಿ ಕೂಲಿ ನಿಗದಿಯಾಗಿದೆ. ಹೊರಗೆ ಅದಕ್ಕಿಂತ ಕಡಿಮೆ ಕೊಡುವುದು ಯಾವ ನ್ಯಾಯ? ಇನ್ನೊಂದು ವಿನಂತಿ: ಅಂಗಡಿಯಲ್ಲಿ ಏನಾದರೂ ಕಳೆದರೆ ಮೊದಲು ಅವರ ಕಡೆ ತಿರುಗಿ ನೋಡಬೇಡಿ.

ತೆಲಂಗಾಣದ ಜೈಲು ಇಲಾಖೆ ಪೆಟ್ರೋಲ್ ಬಂಕ್‌ಗಳನ್ನು ನಡೆಸುತ್ತದೆ. ಅಲ್ಲಿ ಕೈದಿಗಳು, ಬಿಡುಗಡೆ ಆದವರು ದಿನವಿಡೀ ದುಡ್ಡು ಮುಟ್ಟುವ ಕೆಲಸವನ್ನೇ ಮಾಡುತ್ತಾರೆ. ನಮ್ಮ ರಾಜ್ಯದಲ್ಲೂ ಇಂಥದ್ದು ದೊಡ್ಡದಾಗಿ ಬೆಳೆಯಬೇಕು.

ಸರ್ಕಾರಿ ಕೆಲಸ, ಪಾಸ್‌ಪೋರ್ಟ್, ಮತದಾನ ಎಲ್ಲ ಜೀವನಪೂರ್ತಿ ಹೋಯಿತಾ?

ಇಲ್ಲ. ಹೊರಗೆ ಬಂದ ದಿನದಿಂದ ಮತದ ಹಕ್ಕು ಇದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನಮೂನೆ 6 ಕೊಡಿ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಆಗಿದ್ದರೆ ವಿಧಾನಸಭೆ, ಲೋಕಸಭೆಗೆ ಸ್ಪರ್ಧಿಸಲು ಬಿಡುಗಡೆಯಾಗಿ ಆರು ವರ್ಷ ಕಾಯಬೇಕು.

ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ ಆಗಿದ್ದರೆ, ಶಿಕ್ಷೆಯಾದ ಐದು ವರ್ಷದೊಳಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೇಸು ಇನ್ನೂ ನಡೆಯುತ್ತಿದ್ದರೆ ಅದೇ ಕೋರ್ಟಿನಿಂದ ಅನುಮತಿ ತರಬೇಕು. ಗಲ್ಫ್‌ಗೆ ಕೆಲಸಕ್ಕೆ ಹೋಗಬೇಕು ಅಂತಿರುವ ಕರಾವಳಿಯ ಹುಡುಗರು ಇದನ್ನು ತುಂಬಾ ಕೇಳುತ್ತಾರೆ. ಏಜೆಂಟರಿಗೆ ದುಡ್ಡು ಕೊಡುವ ಮೊದಲು ವಕೀಲರನ್ನು ಕೇಳಿ.

ಸರ್ಕಾರಿ ಕೆಲಸ ಕಷ್ಟ. ಆದರೆ 1958ರ ಪ್ರೊಬೇಶನ್ ಕಾನೂನಿನ ಕೆಳಗೆ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆ ಮೇಲೋ ಬಿಟ್ಟವರಿಗೆ, ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ ಅಂತ 12ನೇ ಸೆಕ್ಷನ್ ಹೇಳುತ್ತದೆ. ಹದಿನೆಂಟು ತುಂಬುವ ಮೊದಲು ನಡೆದ ತಪ್ಪಿಗೆ ಬಾಲನ್ಯಾಯ ಕಾನೂನಿನಲ್ಲೂ ಇಂಥದ್ದೇ ರಕ್ಷಣೆ ಇದೆ. ತೀರಾ ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆ ಎದುರಿಸಿದ ಹದಿನಾರು ದಾಟಿದವರಿಗೆ ಮಾತ್ರ ಲೆಕ್ಕ ಬೇರೆ.

ಬಂದು ವಾರ ಆಯಿತು, ಅವರು ಯಾರ ಹತ್ತಿರವೂ ಮಾತಾಡುವುದಿಲ್ಲ. ರಾತ್ರಿ ನಿದ್ದೆ ಇಲ್ಲ. ಹುಚ್ಚು ಹಿಡಿದಿದೆಯಾ?

ಹುಚ್ಚಲ್ಲ. ಒಳಗಿನ ಬದುಕಿನಿಂದ ಹೊರಗಿನದಕ್ಕೆ ಮನಸ್ಸು ಬರಲು ತಿಂಗಳುಗಳೇ ಬೇಕು.

ಬ್ಯಾರಕ್‌ನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿರುತ್ತದೆ. ಹತ್ತಾರು ಜನರ ನಡುವೆ ಮಲಗಿ ಅಭ್ಯಾಸ. ಕತ್ತಲೆ ಕೋಣೆಯಲ್ಲಿ ಒಬ್ಬರೇ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಏಳುವುದು, ಉಣ್ಣುವುದು, ಸಾಲಿನಲ್ಲಿ ನಿಲ್ಲುವುದು, ಎಣಿಕೆಗೆ ಹೆಸರು ಹೇಳುವುದು ಎಲ್ಲವನ್ನೂ ವರ್ಷಗಟ್ಟಲೆ ಬೇರೆಯವರು ನಿರ್ಧರಿಸಿದ್ದಾರೆ. ಈಗ 'ಏನು ತಿಂಡಿ ಮಾಡಲಿ' ಅಂತ ಕೇಳಿದರೂ ತಬ್ಬಿಬ್ಬಾಗುತ್ತಾರೆ. ಬಾಗಿಲು ತಾವೇ ತೆಗೆಯದೆ, ಯಾರಾದರೂ ತೆಗೆಯಲಿ ಅಂತ ನಿಂತಿರುತ್ತಾರೆ. ಹತ್ತು ವರ್ಷ ಒಳಗಿದ್ದವರು ಕ್ಯೂಆರ್ ಕೋಡ್ ನೋಡಿರುವುದಿಲ್ಲ. ತರಕಾರಿ ಗಾಡಿಯವರೂ ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುವುದು ಕಂಡು ಗಾಬರಿಯಾಗುತ್ತಾರೆ. ನಗಬೇಡಿ. ಮನೆಯ ಮಕ್ಕಳಿಗೆ ಕಲಿಸಲು ಹೇಳಿ, ಮಕ್ಕಳ ಹತ್ತಿರ ಕಲಿಯುವಾಗ ಇಬ್ಬರಿಗೂ ಮಾತು ಶುರುವಾಗುತ್ತದೆ.

ಹೆಂಡತಿಯ ಕಷ್ಟವನ್ನೂ ಹೇಳಲೇಬೇಕು. ಇಷ್ಟು ವರ್ಷ ಆಕೆ ಒಬ್ಬಳೇ ಮನೆ ನಡೆಸಿದ್ದಾಳೆ. ಸಂಘದ ಸಾಲ ತೀರಿಸಿದ್ದಾಳೆ, ಮಕ್ಕಳ ಫೀಸು ಕಟ್ಟಿದ್ದಾಳೆ, ವಕೀಲರ ಮನೆಗೆ ಅಲೆದಿದ್ದಾಳೆ. ಈಗ ಗಂಡ ಬಂದು ಯಜಮಾನಿಕೆ ಕೇಳಿದರೆ ಜಗಳ ಆಗದೆ ಇರುತ್ತದಾ? ಬಂದವರು ಮೊದಲ ಕೆಲವು ತಿಂಗಳು ಮನೆಯ ಲೆಕ್ಕಾಚಾರ ಆಕೆಯ ಕೈಯಲ್ಲೇ ಬಿಡುವುದು ಒಳ್ಳೆಯದು. ಆಕೆ ಮಾಡಿದ್ದನ್ನು ಬಾಯಿಬಿಟ್ಟು ಮೆಚ್ಚಿ.

ಆದರೆ ಕೆಲವು ಲಕ್ಷಣಗಳನ್ನು ಸುಮ್ನೆ ಬಿಡಬಾರದು. ಸಾಯುವ ಮಾತು, ವಾರಗಟ್ಟಲೆ ಊಟ ಬಿಡುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನುವ ಭ್ರಮೆ, ಮನೆಯವರ ಮೇಲೆ ಕೈ ಮಾಡುವುದು. ನಿಮ್ಹಾನ್ಸ್‌ನವರು ಬೆಂಗಳೂರು ಕೇಂದ್ರ ಕಾರಾಗೃಹದ 5,024 ಮಂದಿಯನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಚಟಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೂ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಮಂದಿಗೆ ಮಾನಸಿಕ ಕಾಯಿಲೆ ಇತ್ತು. ಅವರೆಲ್ಲ ಒಂದು ದಿನ ಮನೆಗೇ ಬರುವವರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ.

ಕುಡಿತ, ಗಾಂಜಾ ಮತ್ತೆ ಶುರು ಮಾಡಿದರೆ?

ಮೊದಲ ವಾರಗಳೇ ಅಪಾಯ. ಒಳಗಿದ್ದಾಗ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. 'ಮೊದಲು ಇಷ್ಟು ತಗೋತಿದ್ದೆ' ಅಂತ ಅಷ್ಟೇ ತೆಗೆದುಕೊಂಡರೆ ಜೀವಕ್ಕೇ ಕುತ್ತು. ಇಂಜೆಕ್ಷನ್, ನಿದ್ದೆ ಮಾತ್ರೆ, ಹೆರಾಯಿನ್ ವಿಷಯದಲ್ಲಂತೂ ಇದು ಸಾವಿನ ಮಾತು. ಬಿಡುಗಡೆ ಸಂತೋಷಕ್ಕೆ ಪಾರ್ಟಿ ಕೊಡಿಸುವ ಗೆಳೆಯರಿಗೆ ಇದನ್ನು ನೇರವಾಗಿ ಹೇಳಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446.

ಮಕ್ಕಳಿಗೆ ಏನು ಹೇಳಬೇಕು?

'ಅಪ್ಪ ದುಬೈಗೆ ಹೋಗಿದ್ದಾರೆ' ಅಂತ ಹೇಳಿರುತ್ತೀರಿ. ಹೆಚ್ಚಿನ ಮಕ್ಕಳಿಗೆ ನಿಜ ಶಾಲೆಯಲ್ಲೇ ಗೊತ್ತಾಗಿರುತ್ತದೆ. ಗೊತ್ತಿದೆ ಅಂತ ನಿಮಗೆ ಹೇಳುವುದಿಲ್ಲ ಅಷ್ಟೇ. ವಯಸ್ಸಿಗೆ ತಕ್ಕಂತೆ ನಿಜ ಹೇಳಿ. 'ಒಂದು ತಪ್ಪಾಯಿತು, ಅದಕ್ಕೆ ಶಿಕ್ಷೆ ಮುಗಿಸಿ ಬಂದಿದ್ದಾರೆ' ಅನ್ನಬಹುದು. ಕೇಸು ನಡೆಯುತ್ತಿದ್ದರೆ 'ಕೋರ್ಟು ಇನ್ನೂ ತೀರ್ಮಾನ ಹೇಳಿಲ್ಲ' ಅನ್ನಿ. ಹೇಳುವವರು ಸ್ವತಃ ಬಂದವರೇ ಆದರೆ ಒಳ್ಳೆಯದು.

ಅಮ್ಮನ ಜೊತೆ ಆರು ವರ್ಷದವರೆಗಿನ ಮಕ್ಕಳು ಜೈಲಿನಲ್ಲಿರಬಹುದು. ಹಾಗೆ ಬೆಳೆದ ಮಗುವಿಗೆ ಹೊರಗಿನ ಎಲ್ಲವೂ ಹೊಸದು. ಬಸ್ಸು, ಸಂತೆ, ಬೀದಿ ನಾಯಿ. ಅಂಗನವಾಡಿ ಶಿಕ್ಷಕಿಗೆ ವಿಷಯ ತಿಳಿಸಿ, ನಿಧಾನವಾಗಿ ಹೊಂದಿಸಿ. ಓದಿಸಲು ಕಷ್ಟವಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವ ಯೋಜನೆ ಕೇಳಿ. ಅರ್ಹತೆ ಇದ್ದರೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು.

ಹೆಂಗಸರ ವಿಷಯ ಬೇರೆಯಾ?

ಬೇರೆ, ಮತ್ತು ಹೆಚ್ಚು ಕಷ್ಟ. ಗಂಡಸು ಜೈಲಿಗೆ ಹೋದರೆ ಹೆಂಡತಿ, ತಾಯಿ ಬುತ್ತಿ ಕಟ್ಟಿಕೊಂಡು ಭೇಟಿಗೆ ಬರುತ್ತಾರೆ. ಹೆಂಗಸು ಹೋದರೆ ಎಷ್ಟೋ ಸಲ ಯಾರೂ ಬರುವುದಿಲ್ಲ. ತುಮಕೂರಿನ ಮಹಿಳಾ ಕಾರಾಗೃಹದಿಂದ ಬಿಡುಗಡೆ ಆದವರಿಗೆ ಗಂಡನ ಮನೆಯ ಬಾಗಿಲೂ ಇಲ್ಲ, ತವರಿನದ್ದೂ ಇಲ್ಲ ಅನ್ನುವ ಸ್ಥಿತಿ ಬರಬಹುದು. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅಂತ ಈಗ ಅತ್ತೆಯ ಹೆಸರಿದ್ದರೆ ಗೃಹಲಕ್ಷ್ಮಿ ದುಡ್ಡೂ ಅವರಿಗೇ ಹೋಗುತ್ತದೆ.

ಉಳಿಯಲು ಜಾಗ ಇಲ್ಲದವರು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಶಕ್ತಿ ಸದನದ ಬಗ್ಗೆ ಕೇಳಿ. ಅಲ್ಲಿ ಊಟ, ವಸತಿ, ತರಬೇತಿ ಇರುತ್ತದೆ. ಬಿಡುಗಡೆಗೆ ಮೊದಲೇ ಜೈಲಿನ ಕಲ್ಯಾಣಾಧಿಕಾರಿಯ ಮೂಲಕ ಮಾತಾಡಿದರೆ, ಸಂಜೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಕೂರುವ ಗತಿ ಬರುವುದಿಲ್ಲ. ಇಲ್ಲಿ ತವರಿನವರಿಗೆ ಒಂದು ಮಾತು: ನಿಮ್ಮ ಮಗಳನ್ನು ಕರೆದುಕೊಂಡು ಬನ್ನಿ. ಜನ ಎರಡು ತಿಂಗಳು ಆಡಿಕೊಳ್ಳುತ್ತಾರೆ, ಆಮೇಲೆ ಅವರಿಗೆ ಬೇರೆ ವಿಷಯ ಸಿಗುತ್ತದೆ.

ಅದೇ ಊರಿಗೆ ವಾಪಸ್ ಹೋಗಬಹುದಾ? ಎದುರು ಪಾರ್ಟಿಯವರು ಅಲ್ಲೇ ಇದ್ದಾರೆ.

ಇದಕ್ಕೆ ಒಂದೇ ಉತ್ತರ ಇಲ್ಲ. ಜಾಮೀನಿನ ಮೇಲಿದ್ದರೆ ಮೊದಲು ಷರತ್ತು ಓದಿಸಿಕೊಳ್ಳಿ. ಸಾಕ್ಷಿಗಳ ಹತ್ತಿರ ಹೋಗಬಾರದು, ತಾಲ್ಲೂಕಿನ ಗಡಿ ದಾಟಬಾರದು, ಊರಿಗೆ ಕಾಲಿಡಬಾರದು ಅಂತೆಲ್ಲ ಇರಬಹುದು. ರಾಜಿ ಮಾಡಿಸೋಣ ಅಂತ ಹಿರಿಯರು ಎದುರು ಪಾರ್ಟಿಯ ಮನೆಗೆ ಕರೆದುಕೊಂಡು ಹೋದರೂ ಅದು ಸಾಕ್ಷಿಗೆ ಬೆದರಿಕೆ ಅನ್ನಿಸಿಕೊಂಡು ಜಾಮೀನು ರದ್ದಾಗಬಹುದು. ಶಿಕ್ಷೆ ಮುಗಿಯುವ ಮೊದಲೇ ಸನ್ನಡತೆ ಮೇಲೆ ಬಂದವರಿಗೂ ಷರತ್ತುಗಳಿರುತ್ತವೆ. ಮೀರಿದರೆ ಉಳಿದ ಶಿಕ್ಷೆಗೆ ಮತ್ತೆ ಒಳಗೆ.

ಸಾವು ನೋವು ಆದ ಕೇಸಾದರೆ ಆ ಮನೆಯವರ ದುಃಖ ನಿಮ್ಮ ಬಿಡುಗಡೆಯಿಂದ ಮತ್ತೆ ಎದ್ದಿರುತ್ತದೆ. ಹಾರ ಹಾಕಿಸಿಕೊಂಡು, ಪಟಾಕಿ ಹೊಡೆಸಿಕೊಂಡು ಮೆರವಣಿಗೆಯಲ್ಲಿ ಬರಬೇಡಿ. ಅವರ ಬೀದಿಯಲ್ಲಿ ಕಾರಣವಿಲ್ಲದೆ ಓಡಾಡಬೇಡಿ. ಕ್ಷಮೆ ಕೇಳಬೇಕು ಅನ್ನಿಸಿದರೂ ಅವರಿಗೆ ಬೇಕಾದಾಗ, ಮೂರನೆಯವರ ಮೂಲಕ. ಅವರು ಬೇಡ ಅಂದರೆ ಬೇಡ. ಕೆಲವು ವರ್ಷ ಬೇರೆ ಊರಿನಲ್ಲಿ ದುಡಿಯುವುದು ಎಷ್ಟೋ ಜನರಿಗೆ ಸರಿಯಾದ ದಾರಿ.

ಇನ್ನೂ ಒಳಗಿರುವ ಸಜಾ ಬಂಧಿಗಳಿಗೆ ಪೆರೋಲ್, ಅಂದರೆ ಕೆಲವು ದಿನಕ್ಕೆ ಹೊರಗೆ ಬಿಡುವ ಅವಕಾಶ, ಇದೆ. ಊರಿನವರು ಹೇಗೆ ನೋಡುತ್ತಾರೆ ಅಂತ ತಿಳಿಯಲು ಅದೇ ಒಳ್ಳೆಯ ಅವಕಾಶ. 2024ರಲ್ಲಿ ನಮ್ಮ ಹೈಕೋರ್ಟ್ ಒಬ್ಬ ಸಜಾ ಬಂಧಿಗೆ ಸ್ವಂತ ಹೊಲದ ಕೆಲಸ ನೋಡಿಕೊಳ್ಳಲು 90 ದಿನ ಪೆರೋಲ್ ಕೊಟ್ಟಿತು. ಬಿಡುಗಡೆಗೆ ವರ್ಷಗಳ ಮೊದಲೇ ಮಣ್ಣಿನ ಜೊತೆ, ಮನೆಯ ಜೊತೆ ನಂಟು ಉಳಿಸುವುದು ಇಂಥ ಆದೇಶಗಳೇ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಬಂದೀಖಾನೆಯಲ್ಲೂ ಕೈದಿಗಳು ಗೋಡೆಗಳಿಲ್ಲದೆ ಬೇಸಾಯ ಮಾಡುತ್ತಾರೆ. ಇಂಥ ಜೈಲು ರಾಜ್ಯದಲ್ಲಿ ಇನ್ನಷ್ಟು ಬೇಕು.

ಎಲ್ಲಿ ಕಳ್ಳತನ ಆದರೂ ಪೊಲೀಸರು ಠಾಣೆಗೆ ಕರೆಯುತ್ತಾರೆ. ಏನು ಮಾಡಲಿ?

ವಿಚಾರಣೆಗೆ ಕರೆಯಲು ಲಿಖಿತ ನೋಟಿಸ್ ಕೊಡಬೇಕು ಅಂತ ಕಾನೂನು ಇದೆ. ನೋಟಿಸ್ ಬಂದರೆ ತಪ್ಪಿಸದೆ ಹೋಗಿ, ಆದರೆ ಒಬ್ಬರೇ ಹೋಗಬೇಡಿ. ಸಾಕ್ಷಿಯಾಗಿ ಕರೆದರೆ ಹೆಂಗಸರು, ಅರವತ್ತು ದಾಟಿದವರು ಠಾಣೆಗೆ ಹೋಗಲೇಬೇಕಿಲ್ಲ, ಮನೆಯಲ್ಲೇ ಕೇಳಬೇಕು. ಎಲ್ಲಿ ಕೆಲಸ ಮಾಡುತ್ತೀರಿ ಅನ್ನುವ ಹಾಜರಿ ಪುಸ್ತಕ, ಸಂಬಳದ ಚೀಟಿ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಎಲ್ಲಿದ್ದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ರೌಡಿ ಶೀಟ್ ತೆರೆದಿದ್ದರೆ ಅದು ಸಾಯುವವರೆಗೆ ಇರಬೇಕು ಅಂತಿಲ್ಲ. ವರ್ಷಗಳಿಂದ ಹೊಸ ಕೇಸು ಇಲ್ಲದಿದ್ದರೆ ಶೀಟ್ ತೆಗೆಯಲು ಎಸ್‌ಪಿ ಅಥವಾ ಪೊಲೀಸ್ ಕಮಿಷನರ್‌ಗೆ ಅರ್ಜಿ ಕೊಡಿ. ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಚುನಾವಣೆ, ಗಣೇಶ ಹಬ್ಬ ಬಂದಾಗಲೆಲ್ಲ ಪರೇಡ್‌ಗೆ ಕರೆದು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದನ್ನು ಟಿವಿಯಲ್ಲಿ ನೋಡುತ್ತೀರಲ್ಲ? ಆ ಸಾಲಿನಲ್ಲಿ ಹತ್ತು ವರ್ಷದಿಂದ ಸುಮ್ನೆ ದುಡಿದು ತಿನ್ನುತ್ತಿರುವವರೂ ಇರುತ್ತಾರೆ. ಅವರ ಮಾಲೀಕರೂ, ಮಗಳ ಗೆಳತಿಯರೂ ಅದೇ ಟಿವಿ ನೋಡುತ್ತಾರೆ.

ನಮ್ಮ ಬೀದಿಗೆ ಒಬ್ಬರು ಜೈಲಿನಿಂದ ಬಂದಿದ್ದಾರೆ. ನಮಗೆ ಭಯ. ಭಯಪಡುವುದು ತಪ್ಪಾ?

ತಪ್ಪಲ್ಲ. ಏನು ಕೇಸು ಅಂತ ತಿಳಿದುಕೊಳ್ಳಿ, ಗಾಳಿ ಮಾತು ನಂಬಬೇಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧದಲ್ಲಿ ಶಿಕ್ಷೆ ಆದವರಾಗಿದ್ದರೆ ಮಕ್ಕಳನ್ನು ಅವರ ಜೊತೆ ಒಂಟಿಯಾಗಿ ಬಿಡಬೇಡಿ, ಮಕ್ಕಳಿರುವ ಕಡೆ ಕೆಲಸಕ್ಕೆ ಸೇರಿಸಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮಕ್ಕಳ ಸುರಕ್ಷತೆಯೇ ಮೊದಲು.

ಉಳಿದ ಹೆಚ್ಚಿನವರ ವಿಷಯದಲ್ಲಿ ದೂರ ಇಟ್ಟಷ್ಟೂ ಅಪಾಯ ಜಾಸ್ತಿ. ಕೆಲಸ, ಮನೆ, ಮಾತಾಡಿಸುವವರು ಇಲ್ಲದ ಮನುಷ್ಯನಿಗೆ ಹಳೆಯ ಗ್ಯಾಂಗು ಮಾತ್ರ ಉಳಿಯುತ್ತದೆ. ಮನೆಗೆ ಕರೆದು ಊಟ ಹಾಕಬೇಕಿಲ್ಲ. ಎದುರು ಸಿಕ್ಕಾಗ 'ಊಟ ಆಯ್ತಾ' ಅಂದರೆ ಸಾಕು. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಜೈಲುಗಳಿಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ಆ ನಾಟಕಗಳನ್ನು ಹೊರಗಿನ ರಂಗಮಂದಿರಗಳಿಗೂ ತಂದರು. ಯಾರ ಹೆಸರು ಕೇಳಿದರೆ ಭಯವಾಗುತ್ತಿತ್ತೋ ಅವರ ಅಭಿನಯಕ್ಕೇ ಜನ ಚಪ್ಪಾಳೆ ಹೊಡೆದರು.

ನನ್ನ ಮನೆಯವರು ಯಾರೂ ಜೈಲಿಗೆ ಹೋದವರಲ್ಲ. ಆದರೂ ಏನಾದರೂ ಮಾಡಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ?

ನಿಮ್ಮ ತಾಲ್ಲೂಕಿನ ಕೋರ್ಟ್ ಕಟ್ಟಡದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇದೆ. ಅಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ ಆಗಲು ಯಾವಾಗ ಅರ್ಜಿ ಕರೆಯುತ್ತಾರೆ ಅಂತ ಕೇಳಿ. ವಕೀಲರಾಗಿರಬೇಕಿಲ್ಲ. ಶಿಕ್ಷಕರು, ನಿವೃತ್ತರು, ವಿದ್ಯಾರ್ಥಿಗಳು, ಅಂಗನವಾಡಿ ಕಾರ್ಯಕರ್ತೆಯರು ಎಲ್ಲರೂ ಆಗಬಹುದು. ತರಬೇತಿ ಅವರೇ ಕೊಡುತ್ತಾರೆ. ಜೈಲಿಗೆ ಹೋಗಿ ಯಾರಿಗೆ ವಕೀಲರಿಲ್ಲ, ಯಾರ ಜಾಮೀನು ನಿಂತಿದೆ ಅಂತ ಪಟ್ಟಿ ಮಾಡುವುದು, ಮನೆಯವರಿಗೆ ಸುದ್ದಿ ಮುಟ್ಟಿಸುವುದು ಅವರ ಕೆಲಸದಲ್ಲಿ ಸೇರಿದೆ. ಬೆಂಗಳೂರಿನಿಂದ ಕೆಲಸ ಮಾಡುವ ಪ್ರಿಸನ್ ಮಿನಿಸ್ಟ್ರಿ ಇಂಡಿಯಾದಂಥ ಸಂಸ್ಥೆಗಳೂ ಬಿಡುಗಡೆ ಆದವರಿಗೆ ಆಸರೆ ಮನೆ ನಡೆಸುತ್ತವೆ, ಅವರಿಗೂ ಕೈಗಳು ಬೇಕು.

ಅಷ್ಟು ಸಮಯ ಇಲ್ಲದಿದ್ದರೆ ಒಬ್ಬರ ಜೊತೆ ಒಂದು ವರ್ಷ ನಿಲ್ಲಿ. ದುಡ್ಡು ಕೊಡಬೇಕಿಲ್ಲ. ಆಧಾರ್ ಕೇಂದ್ರಕ್ಕೆ ಜೊತೆ ಹೋಗಿ, ಕೋರ್ಟ್ ತಾರೀಖಿನ ಹಿಂದಿನ ದಿನ ಫೋನ್ ಮಾಡಿ ನೆನಪಿಸಿ, ಪರಿಚಯದ ಗ್ಯಾರೇಜಿನವರಿಗೆ ಒಂದು ಮಾತು ಹೇಳಿ. ಮೂರನೇ ತಿಂಗಳ ಹೊತ್ತಿಗೆ ಅವರು ಫೋನ್ ಎತ್ತುವುದನ್ನು ನಿಲ್ಲಿಸಬಹುದು. ಕೆಲಸ ಬಿಟ್ಟಿರುತ್ತಾರೆ, ನಿಮಗೆ ಹೇಳಲು ನಾಚಿಕೆ. ಆಗ ಮನೆಗೇ ಹೋಗಿ, ಬೇರೆ ಗ್ಯಾರೇಜ್ ಹುಡುಕೋಣ ಬನ್ನಿ ಅಂತ ಹೇಳಿ.